ಪ್ಲೇ ಸ್ಕೂಲಿನ ಟೀಚರ್, ಆಯಾಗಳಿಗೆ ಕ್ರಿಸ್ಮಸ್ ಉಡುಗೊರೆ: 1,800 ರೂಪಾಯಿಯಲ್ಲಿ 9 ಜನಕ್ಕೆ ಏನು ಕೊಡಬಹುದು?

ಪ್ರಶ್ನೆ: ಕಂಕನಾಡಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಪ್ಲೇ ಸ್ಕೂಲು, ಮಧ್ಯಾಹ್ನದ ಮೇಲೆ ಅಲ್ಲೇ ಡೇ ಕೇರ್. ಮಗಳಿಗೆ ಮೂರೂವರೆ ವರ್ಷ. ಕ್ರಿಸ್ಮಸ್ ರಜೆಗೆ ಮುಂಚೆ ಅವಳನ್ನು ನೋಡಿಕೊಳ್ಳುವವರಿಗೆಲ್ಲ ಏನಾದರೂ ಕೊಡಬೇಕು ಅಂತ ಉಂಟು. ಟೀಚರ್ 3, ಆಯಾ 4, ಅಡುಗೆಯವರು 1, ವ್ಯಾನ್ ಡ್ರೈವರ್ 1, ಒಟ್ಟು 9 ಜನ. ಕೈಯಲ್ಲಿರುವುದು 1,800 ರೂಪಾಯಿ. ರಜೆಗೆ ಮುಂಚಿನ ಕೊನೆಯ ದಿನ ಡಿಸೆಂಬರ್ 23.

ಮನೆಯಲ್ಲೇ ಕುಸ್ವಾರ್ (ಕ್ರಿಸ್ಮಸಿಗೆ ಮಾಡುವ ಬಗೆಬಗೆಯ ತಿಂಡಿ) ಮಾಡಿ ಡಬ್ಬಿಯಲ್ಲಿ ಹಾಕಿ ಕೊಟ್ಟರೆ ಹೇಗೆ? ಯಾವುದು ಮಾಡಿದರೆ ಕೆಡದೆ ಉಳಿಯುತ್ತದೆ, ಎಷ್ಟು ಮಾಡಬೇಕು? ಒಬ್ಬ ಟೀಚರ್ ಮೊಟ್ಟೆ ಸಹ ತಿನ್ನುವುದಿಲ್ಲ. ಇನ್ನೊಂದು, ಆಯಾಗಳಿಗೆ ದುಡ್ಡು ಕೊಟ್ಟರೆ ಸರಿಯಾ, ಬೇಜಾರು ಮಾಡಿಕೊಳ್ಳುತ್ತಾರಾ? ಗೊತ್ತಿದ್ದವರು ಅಳತೆ ಸಮೇತ ಹೇಳಿ, ದಯವಿಟ್ಟು.

ಉತ್ತರ: ಫಳ್ನೀರ್ ಅಡುಗೆಮನೆ

ಕುಸ್ವಾರ್ ಒಳ್ಳೆಯ ಯೋಚನೆ. ನಮ್ಮ ಊರಲ್ಲಿ ಕ್ರಿಸ್ಮಸಿಗೆ ಕುಸ್ವಾರ್ ತಟ್ಟೆ ನೆರೆಕರೆಗೆಲ್ಲ ಹೋಗುವ ಕ್ರಮವೇ ಉಂಟು, ಹಾಗಾಗಿ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಮುಜುಗರ ಇಲ್ಲ. ಆದರೆ ಎಂಟು ಬಗೆ ಮಾಡಲಿಕ್ಕೆ ಹೋಗಬೇಡಿ. ಮೂರು ಸಾಕು: ರೋಸ್ ಕುಕ್ಕಿ (ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವುದು), ಕಿಡಿಯೊ (ಸಕ್ಕರೆ ಪಾಕ ಹಿಡಿಸಿದ ಮೈದಾದ ಸಣ್ಣ ಸುರುಳಿ), ಪೆರಾಡ್ (ಪೇರಳೆ, ಅಂದರೆ ಸೀಬೆ ಹಣ್ಣಿನ ಗಟ್ಟಿ ಹಲ್ವ). ಮೂರಕ್ಕೂ ಮೊಟ್ಟೆ ಬೇಡ, ಮೂರೂ ಹೊರಗೆ ಇಟ್ಟರೆ ಕೆಡುವುದಿಲ್ಲ. ನೆವ್ರ್ಯೊ (ಕರಿಗಡುಬಿನಂಥದ್ದು) ಬಿಟ್ಟುಬಿಡಿ. ಒಳಗಿನ ಹೂರಣಕ್ಕೆ ಹಸಿ ತೆಂಗಿನಕಾಯಿ ಹಾಕಿ ಸರಿಯಾಗಿ ಹುರಿಯದಿದ್ದರೆ ಮೂರೇ ದಿನಕ್ಕೆ ಕಮಟು ವಾಸನೆ ಬರ್ತದೆ.

ರೋಸ್ ಕುಕ್ಕಿ ಡಬ್ಬಿಗೆ 6ರಂತೆ 54 ಬೇಕು. ಒಡೆಯುವುದು ಇದ್ದದ್ದೇ, 60 ಲೆಕ್ಕ ಹಿಡಿಯಿರಿ. ಅದಕ್ಕೆ ಮೈದಾ 3 ಕಪ್, ಅಕ್ಕಿ ಹಿಟ್ಟು 1 ಕಪ್, ಪುಡಿ ಮಾಡಿದ ಸಕ್ಕರೆ 1 ಕಪ್, ಉಪ್ಪು ಎರಡು ಚಿಟಿಕೆ, ಕಪ್ಪು ಎಳ್ಳು 2 ಚಮಚ, ಏಲಕ್ಕಿ ಪುಡಿ ಅರ್ಧ ಚಮಚ, ತೆಂಗಿನ ಹಾಲು ಎರಡೂವರೆಯಿಂದ ಮೂರು ಕಪ್. ಮೊಟ್ಟೆ ಹಾಕುವವರು ಅಕ್ಕಿ ಹಿಟ್ಟು ಮುಕ್ಕಾಲು ಕಪ್ ಹಾಕ್ತಾರೆ. ಮೊಟ್ಟೆ ಬಿಟ್ಟಾಗ ಗರಿಗರಿ ಬರಬೇಕಾದರೆ ಆ ಕಾಲು ಕಪ್ ಹೆಚ್ಚಿಗೆ ಬೇಕು. ಹಿಟ್ಟಿನ ಹದ ಉದ್ದಿನ ದೋಸೆ ಹಿಟ್ಟಿಗಿಂತ ತೆಳು, ನೀರುದೋಸೆ ಹಿಟ್ಟಿಗಿಂತ ದಪ್ಪ. ಸೌಟಿನ ಬೆನ್ನಿಗೆ ಅಂಟಿ, ಬೆರಳಲ್ಲಿ ಗೆರೆ ಎಳೆದರೆ ಗೆರೆ ನಿಲ್ಲಬೇಕು. ಗಂಟು ಇದ್ದರೆ ಸೋಸಿ, ಆಮೇಲೆ ಎಳ್ಳು ಸೇರಿಸಿ, ಅರ್ಧ ಗಂಟೆ ಬಿಡಿ.

ಕಷ್ಟ ಇರುವುದು ಅಚ್ಚಿನಲ್ಲಿ. ಹೊಸ ಕಬ್ಬಿಣದ ಅಚ್ಚಾದರೆ ಅಕ್ಕಿ ತೊಳೆದ ನೀರಿನಲ್ಲಿ ಒಂದು ದಿನ ಮುಳುಗಿಸಿ, ಒರೆಸಿ, ಒಣಗಿಸಿ, ರಾತ್ರಿ ಇಡೀ ಎಣ್ಣೆಯಲ್ಲಿ ಇಡಿ. ಆದರೂ ಮೊದಲ ಮೂರ್ನಾಲ್ಕು ಹೂ ಹಾಳಾಗ್ತದೆ, ಹೆದರಬೇಡಿ. ಅಚ್ಚನ್ನು ಕಾದ ಎಣ್ಣೆಯಲ್ಲಿ ಎರಡು ಮೂರು ನಿಮಿಷ ಬಿಸಿ ಮಾಡಿ, ಹೆಚ್ಚಿನ ಎಣ್ಣೆ ಝಾಡಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ. ಮೇಲಿನ ಅಂಚಿನವರೆಗೆ ಮುಳುಗಿದರೆ ಹಿಟ್ಟು ಅಚ್ಚನ್ನು ಕವಚಿಕೊಳ್ತದೆ, ಮತ್ತೆ ಏನು ಮಾಡಿದರೂ ಹೂ ಬಿಡುವುದಿಲ್ಲ. ಅದ್ದಿದಾಗ ಸಣ್ಣಗೆ ಚುಂಯ್ ಅನ್ನಬೇಕು. ಸದ್ದೇ ಇಲ್ಲದಿದ್ದರೆ ಅಚ್ಚು ತಣ್ಣಗಿದೆ, ಹಿಟ್ಟು ಜಾರಿ ಬೀಳ್ತದೆ. ಜೋರಾಗಿ ಗುಳ್ಳೆ ಎದ್ದು ಹಿಟ್ಟು ಪಾತ್ರೆಯಲ್ಲೇ ಕಳಚಿಕೊಂಡರೆ ಅಚ್ಚು ವಿಪರೀತ ಕಾದಿದೆ. ಎಣ್ಣೆಗೆ ಇಳಿಸಿ ಅರ್ಧ ನಿಮಿಷದ ಮೇಲೆ ಮೆಲ್ಲ ಅಲ್ಲಾಡಿಸಿ. ಬಿಡದಿದ್ದರೆ ಚಮಚದ ಹಿಡಿಯಿಂದ ಒಂದು ಮೂಲೆ ದೂಡಿ. ಬಣ್ಣ ತಿಳಿ ಹೊನ್ನಿನದ್ದು ಆಗುವಾಗಲೇ ತೆಗೆಯಿರಿ, ಹೊರಗೆ ಬಂದ ಮೇಲೂ ಸ್ವಲ್ಪ ಗಾಢ ಆಗ್ತದೆ. ಅಕ್ಕಿ ಹಿಟ್ಟು ಅಡಿಗೆ ಕೂತುಕೊಳ್ಳುವುದರಿಂದ ನಾಲ್ಕು ಹೂವಿಗೊಮ್ಮೆ ಕಲಕಲೇಬೇಕು. ಅರ್ಧ ಕೆಲಸ ಮುಗಿಯುವಾಗ ಹಿಟ್ಟು ದಪ್ಪ ಆಗಿರ್ತದೆ, ಎರಡು ಚಮಚ ತೆಂಗಿನ ಹಾಲು ಹಾಕಿ ಸರಿ ಮಾಡಿ. ಬಾಯಿ ಸಣ್ಣದಿರುವ ಆಳದ ಬಾಣಲೆ ಇದ್ದರೆ ಎಣ್ಣೆ ಒಂದು ಲೀಟರಿನಲ್ಲಿ ಮುಗೀತದೆ.

ಕಿಡಿಯೊ ಸುಲಭ. ಮೈದಾ ಅರ್ಧ ಕಿಲೋ, ಬಿಸಿ ತುಪ್ಪ 2 ದೊಡ್ಡ ಚಮಚ, ಉಪ್ಪು, ಸುಮಾರು ಒಂದು ಕಪ್ ತೆಂಗಿನ ಹಾಲು, ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. ಗೋಲಿಗಿಂತ ಸಣ್ಣ ಉಂಡೆ ಮಾಡಿ, ಎಣ್ಣೆ ಸವರಿದ ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಸುತ್ತಿ. ಅಂಚನ್ನು ಒತ್ತಿ ಮುಚ್ಚದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ತದೆ. ಮಂದ ಉರಿಯಲ್ಲಿ ಕರಿಯಿರಿ, ಜೋರು ಉರಿಗೆ ಹೊರಗೆ ಕೆಂಪಾಗಿ ಒಳಗೆ ಮೆತ್ತಗೆ ಉಳೀತದೆ. 200 ಗ್ರಾಂ ಸಕ್ಕರೆಗೆ ಕಾಲು ಕಪ್ ನೀರು ಹಾಕಿ ಗಟ್ಟಿ ಪಾಕ ತೆಗೆದು, ಕಿಡಿಯೊ ಹಾಕಿ, ಸಕ್ಕರೆ ಬೆಳ್ಳಗೆ ಒಣಗುವವರೆಗೆ ತಿರುವುತ್ತಾ ಇರಿ. ಅಂಟಂಟಾಗಿ ಉಳಿದರೆ ಪಾಕ ಎಳೆಯದ್ದು ಅಂತ ಅರ್ಥ. ಅದೇ ಬಾಣಲೆಯನ್ನು ಸಣ್ಣ ಉರಿಯಲ್ಲಿಟ್ಟು ಇನ್ನೊಂದಿಷ್ಟು ತಿರುವಿದರೆ ಸರಿಯಾಗ್ತದೆ.

ಉತ್ತರ: ಪೇರಳೆ ಮರ

ಫಳ್ನೀರಿನವರು ಪೆರಾಡಿನ ಹೆಸರು ಹೇಳಿ ಬಿಟ್ಟರು, ಅದನ್ನು ನಾನು ಮುಗಿಸುತ್ತೇನೆ. ಡಿಸೆಂಬರಿನಲ್ಲಿ ಪೇರಳೆ ಧಾರಾಳ ಸಿಗುತ್ತದೆ, ಖರ್ಚು ಕಡಿಮೆ.

1 ಕಿಲೋ ಹಣ್ಣು ಸಾಕು. ಹಳದಿಗೆ ತಿರುಗಿ ಪರಿಮಳ ಬಂದಿರಬೇಕು, ಕೊಳೆತು ಮೆತ್ತಗಾದದ್ದು ಬೇಡ. ತುಂಡು ಮಾಡಿ, ಮುಳುಗುವಷ್ಟಕ್ಕಿಂತ ಕಡಿಮೆ ನೀರಿನಲ್ಲಿ 15 ನಿಮಿಷ ಬೇಯಿಸಿ, ಜರಡಿಯಲ್ಲಿ ತಿಕ್ಕಿ ಬೀಜ ತೆಗೆಯಿರಿ. ಮಿಕ್ಸಿಗೆ ಹಾಕಿದರೆ ಬೀಜ ಪುಡಿಯಾಗಿ ಮರಳು ಮರಳಾಗುತ್ತದೆ. ಬಂದ ತಿರುಳನ್ನು ತೂಗಿ, ಅದರ ಮುಕ್ಕಾಲು ತೂಕದ ಸಕ್ಕರೆ ಸೇರಿಸಿ, ಒಂದು ನಿಂಬೆಯ ರಸ ಹಿಂಡಿ, ದಪ್ಪ ತಳದ ಪಾತ್ರೆಯಲ್ಲಿ 40–50 ನಿಮಿಷ ಬಿಡದೆ ಕೈಯಾಡಿಸಿ. ದಪ್ಪವಾಗುವ ಹೊತ್ತಿಗೆ ಪಟಪಟ ಹಾರುತ್ತದೆ, ಕೈ ಸುಡುತ್ತದೆ. ಉದ್ದ ಹಿಡಿಯ ಮರದ ಸೌಟು ಬೇಕು, ಮಗು ಅಡುಗೆಮನೆಯಲ್ಲಿ ಇರಬಾರದು. ಪಾತ್ರೆಯ ಬದಿ ಬಿಟ್ಟು ಒಂದೇ ಮುದ್ದೆಯಾಗಿ ತಿರುಗಿದಾಗ, ತಣ್ಣೀರಿಗೆ ಒಂದು ಹನಿ ಹಾಕಿ ನೋಡಿ. ಗಟ್ಟಿ ಗೋಲಿ ಕಟ್ಟಿದರೆ ಆಯಿತು. ಒಂದು ಚಮಚ ತುಪ್ಪ ಸೇರಿಸಿ, ತುಪ್ಪ ಸವರಿದ ತಟ್ಟೆಗೆ ಅರ್ಧ ಇಂಚು ದಪ್ಪಕ್ಕೆ ಸುರಿದು, ಮಾರನೇ ದಿನ ಕತ್ತರಿಸಿ. ಬೇಗ ಇಳಿಸಿದ್ದು ಜಾಮಿನ ಹಾಗೆ ನೀರು ಬಿಡುತ್ತದೆ. ಎಸೆಯಬೇಡಿ, ವಾಪಸ್ ಪಾತ್ರೆಗೆ ಹಾಕಿ ಹತ್ತು ನಿಮಿಷ ಕಾಯಿಸಿ. ಹತ್ತಿರ ಹತ್ತಿರ 600–700 ಗ್ರಾಂ ಬರುತ್ತದೆ, ಡಬ್ಬಿಗೆ ನಾಲ್ಕು ತುಂಡು ಹಾಕಿದರೂ ಮನೆಗೆ ಉಳಿಯುತ್ತದೆ.

ಮುಖ್ಯವಾದದ್ದು ಇದು: ಪೆರಾಡ್ ತುಂಡುಗಳನ್ನು ಹಾಗೇ ರೋಸ್ ಕುಕ್ಕಿಯ ಪಕ್ಕ ಇಟ್ಟರೆ ಒಂದೇ ರಾತ್ರಿಯಲ್ಲಿ ಕುಕ್ಕಿ ಮೆತ್ತಗಾಗುತ್ತದೆ, ಪೆರಾಡಿನ ತೇವವನ್ನೆಲ್ಲ ಅದು ಎಳೆದುಕೊಳ್ಳುತ್ತದೆ. ಒಂದೊಂದು ತುಂಡನ್ನೂ ಬಟರ್ ಪೇಪರಿನಲ್ಲಿ ಸುತ್ತಿ, ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆಮೇಲೆ ಡಬ್ಬಿಗೆ ಇಡಿ. ಕರಿದದ್ದು ಪೂರ್ತಿ ತಣ್ಣಗಾಗದೆ ಮುಚ್ಚಳ ಹಾಕಲೇಬೇಡಿ. ಮಂಗಳೂರಿನ ಹವೆಯಲ್ಲಿ ಫ್ಯಾನಿನ ಕೆಳಗೆ ರಾತ್ರಿ ಬಿಟ್ಟರೂ ಮೆತ್ತಗಾಗುತ್ತದೆ. ಒಂದು ಗಂಟೆ ಆರಿಸಿ, ಕೂಡಲೇ ಸ್ಟೀಲ್ ಡಬ್ಬಿಗೆ ಹಾಕಿ.

ಉತ್ತರ: ಲೆಕ್ಕದ ಪುಸ್ತಕ

ದುಡ್ಡಿನ ಪ್ರಶ್ನೆಗೆ ಬರುತ್ತೇನೆ. ಮೈದಾ, ಅಕ್ಕಿ ಹಿಟ್ಟು, ಸಕ್ಕರೆ, ಎಣ್ಣೆ, ಎರಡು ಮೂರು ತೆಂಗಿನಕಾಯಿ, ಪೇರಳೆ, ತುಪ್ಪ, ರಟ್ಟಿನ ಡಬ್ಬಿ 9, ಎಲ್ಲ ಸೇರಿ 800ರ ಆಸುಪಾಸಿನಲ್ಲಿ ಮುಗಿಸಬಹುದು. ಅಚ್ಚು ಕೊಳ್ಳಬೇಡಿ, ಯಾರ ಮನೆಯಿಂದಾದರೂ ಎರಡು ದಿನಕ್ಕೆ ತನ್ನಿ. ಉಳಿದ ದುಡ್ಡಿನಲ್ಲಿ ಆಯಾ 4, ಅಡುಗೆಯವರು, ಡ್ರೈವರ್, ಈ ಆರು ಜನಕ್ಕೆ ತಲಾ 151 ರೂಪಾಯಿ ಕವರಿನಲ್ಲಿ ಹಾಕಿ. 906 ಆಯಿತು. ಒಟ್ಟು 1,706, ಕೈಯಲ್ಲಿ ಇನ್ನೂ ಚಿಲ್ಲರೆ ಉಳಿಯುತ್ತದೆ.

ಬೇಜಾರಾಗುವುದು ದುಡ್ಡಿನಿಂದಲ್ಲ, ಕೊಡುವ ರೀತಿಯಿಂದ. ಟೀಚರಿಗೆ ಚಂದದ ಡಬ್ಬಿ, ಆಯಾಗೆ ಬರೀ ನೋಟು ಅಂತಾದರೆ ಅದು ಭಕ್ಷೀಸಿನ ಹಾಗೆ ಕಾಣುತ್ತದೆ. ಎಲ್ಲರಿಗೂ ಒಂದೇ ಡಬ್ಬಿ, ಒಂದೇ ರಿಬ್ಬನ್, ಒಂದೇ ಕಾರ್ಡು ಇರಲಿ. ಕವರು ಆ ಕಾರ್ಡಿನ ಒಳಗೆ ಇರಲಿ. ಮಗುವಿನ ಚಡ್ಡಿ ಬದಲಿಸುವವರು, ಊಟ ಮಾಡಿಸುವವರು, ಮಧ್ಯಾಹ್ನ ಮಲಗಿಸುವವರು ಆಯಾಗಳೇ. ಅವರಿಗೆ ಹೆಚ್ಚು ಕೊಡುವುದರಲ್ಲಿ ಸಂಕೋಚವೇ ಬೇಡ.

ಹೆಸರಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಸಂಜೆ ಪಾಳಿಯಲ್ಲಿ ಮಾತ್ರ ಬರುವವರು, ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಸಹಾಯಕಿ, ಗೇಟಿನವರು, ಇವರು ಪಟ್ಟಿಯಿಂದ ತಪ್ಪಿಹೋಗುವುದು ಜಾಸ್ತಿ. ಒಂದು ಡಬ್ಬಿ ಹೆಚ್ಚಿಗೆ ಕಟ್ಟಿಟ್ಟುಕೊಳ್ಳಿ. ಶಾಲೆಯಲ್ಲಿ ಉಡುಗೊರೆ, ನಗದು ತೆಗೆದುಕೊಳ್ಳಬಾರದೆಂಬ ನಿಯಮ ಇದೆಯೇ ಅಂತ ಆಫೀಸಿನಲ್ಲಿ ಮೊದಲೇ ಕೇಳಿ. ನಗದು ಬೇಡ ಅಂದರೆ ಅದೇ 150ಕ್ಕೆ ಅರ್ಧ ಕಿಲೋ ಬೆಲ್ಲ, ಕಾಲು ಕಿಲೋ ಚಹಾಪುಡಿಯಂಥ ಮನೆಗೆ ಬೇಕಾದ ಸಾಮಾನು ಕಟ್ಟಬಹುದು. ಕಾಫಿ ಮಗ್ಗು, ಫೋಟೋ ಫ್ರೇಮು, ಸೆಂಟು ಬೇಡ. ಟೀಚರ್‌ಗಳ ಮನೆಯಲ್ಲಿ ಅವು ಬೇಕಾದಷ್ಟು ಇರುತ್ತವೆ.

ಉತ್ತರ: ಜಯನಗರ ಟೆರೇಸು

ಡಬ್ಬಿಯ ಜೊತೆ ಗಿಡ ಕೊಡೋ ಯೋಚನೆ ಇದ್ರೆ ಒಂದು ಮಾತು. ಎಲ್ಲರೂ ಬಾಟಲಿಯಲ್ಲಿ ಮನಿ ಪ್ಲಾಂಟ್ ಕೊಡ್ತಾರೆ. ಅದರ ಎಲೆ ಅಗಿದ್ರೆ ಮಕ್ಕಳಿಗೆ ಬಾಯಿ, ನಾಲಿಗೆ ಉರಿಯುತ್ತೆ, ಊದಿಕೊಳ್ಳುತ್ತೆ. ಕೆಸುವಿನ ಎಲೆ ತುರಿಸೋದಕ್ಕೆ ಇರೋ ಕಾರಣವೇ ಇದಕ್ಕೂ. ಟೀಚರ್ ಅದನ್ನ ಕ್ಲಾಸಿನ ಕಿಟಕಿಯಲ್ಲಿಟ್ರೆ ಮೂರು ವರ್ಷದ ಮಕ್ಕಳ ಕೈಗೆ ಸಿಗುತ್ತೆ. ಬದಲಿಗೆ ಸ್ಪೈಡರ್ ಪ್ಲಾಂಟ್ ಕೊಡಿ, ಅದು ವಿಷ ಅಲ್ಲ. ತಾಯಿ ಗಿಡದಿಂದ ಇಳಿಬಿದ್ದಿರೋ ಮರಿಗಳನ್ನ ಕತ್ತರಿಸಿ, ಬುಡ ಮಾತ್ರ ನೀರಿಗೆ ತಾಗೋ ಹಾಗೆ ಇಟ್ರೆ ಎರಡು ವಾರದೊಳಗೆ ಬೇರು ಬರುತ್ತೆ. ಹಾಗಾಗಿ ಡಿಸೆಂಬರ್ ಮೊದಲ ವಾರವೇ ಶುರು ಮಾಡಿ. ಎಲೆ ನೀರಲ್ಲಿ ಮುಳುಗಿದ್ರೆ ಕೊಳೆತು ವಾಸನೆ ಬರುತ್ತೆ.

ಕಾರ್ಡಿಗೆ ದಪ್ಪ ಡ್ರಾಯಿಂಗ್ ಹಾಳೆ, ಮಗುವಿನ ಅಂಗೈಗೆ ಬ್ರಷ್ಷಿನಲ್ಲಿ ತೆಳುವಾಗಿ ಹಸಿರು ಪೋಸ್ಟರ್ ಬಣ್ಣ ಹಚ್ಚಿ ಅಚ್ಚು ಹಾಕಿಸಿ. ಬೆರಳುಗಳು ಕೆಳಮುಖ ಬರೋ ಹಾಗೆ ಹಾಳೆ ತಿರುಗಿಸಿದ್ರೆ ಕ್ರಿಸ್ಮಸ್ ಮರ, ಮೇಲೊಂದು ಹಳದಿ ನಕ್ಷತ್ರ. ಬಣ್ಣದಲ್ಲಿ ಕೈ ಅದ್ದಿಸಿದ್ರೆ ಬರೀ ಮುದ್ದೆ ಬೀಳುತ್ತೆ. ಒಂದೇ ದಿನ ಒಂಬತ್ತು ಮಾಡಿಸಬೇಡಿ, ಮಗುವಿಗೆ ಸಾಕಾಗಿ ಅಳೋಕೆ ಶುರು ಮಾಡುತ್ತೆ. ದಿನಕ್ಕೆ ಮೂರು ಸಾಕು. ಒಳಗೆ ಎರಡು ಸಾಲು ಬರೆಯಿರಿ, ಆದರೆ ಹೆಸರು ಹಿಡಿದು, ಅವರು ಮಾಡಿದ ಕೆಲಸ ಹಿಡಿದು: "ಅಳದೆ ಗೇಟು ದಾಟೋದನ್ನ ಕಲಿಸಿದ್ದೀರಿ", "ನಿಮ್ಮ ಕೈಯಲ್ಲಿ ಮಾತ್ರ ಸೊಪ್ಪು ತಿನ್ನುತ್ತಾಳೆ". ಬರೀ ಥ್ಯಾಂಕ್ಯೂ ಅಂತ ಒಂಬತ್ತು ಕಡೆ ಬರೆದ್ರೆ ಅವರು ಒಬ್ಬರದ್ದೊಬ್ಬರು ನೋಡಿಕೊಂಡಾಗ ಗೊತ್ತಾಗುತ್ತೆ.

ಮರುಪ್ರಶ್ನೆ: ಕಂಕನಾಡಿ ಅಮ್ಮ

ತುಂಬಾ ಉಪಕಾರ ಆಯಿತು. ಇನ್ನೆರಡು ಸಂಶಯ. ಒಬ್ಬರು ಆಯಾಗೆ ಶುಗರ್ ಉಂಟು, ಅವರ ಡಬ್ಬಿಗೆ ಏನು ಹಾಕುವುದು? ಮತ್ತೆ ಯಾವ ದಿನ ಏನು ಮಾಡಬೇಕು?

ಉತ್ತರ: ಫಳ್ನೀರ್ ಅಡುಗೆಮನೆ

ಶುಗರ್ ಇರುವವರಿಗೆ ಅದೇ ಡಬ್ಬಿ, ಅದೇ ಕಾರ್ಡು, ಒಳಗೆ ಮಾತ್ರ ಹುರಿದ ಕಡಲೆಬೀಜ 150 ಗ್ರಾಂ, ಸ್ವಲ್ಪ ಬಾದಾಮಿ ಹಾಕಿ. ಶುಗರ್‌ಲೆಸ್ ಬಿಸ್ಕತ್ತು ತರಬೇಡಿ, ಅದರಲ್ಲೂ ಮೈದಾ ಇರ್ತದೆ. ಹೊರಗೆ ಹೆಸರು ಬರೆದಿರಿ, ಇಲ್ಲದಿದ್ದರೆ ಡಬ್ಬಿ ಅದಲು ಬದಲಾಗ್ತದೆ.

ದಿನದ ಲೆಕ್ಕ: 19ಕ್ಕೆ ಪೆರಾಡ್ ಕಾಯಿಸಿ, 20ಕ್ಕೆ ಕತ್ತರಿಸಿ ಸುತ್ತಿ. ಕಿಡಿಯೊ 20ರ ಸಂಜೆ. ಒಬ್ಬರೇ ಕೂತರೆ ಎರಡು ಗಂಟೆ ಮೇಲೆ ಹಿಡೀತದೆ, ಮನೆಯವರನ್ನು ಕೂರಿಸಿಕೊಳ್ಳಿ. ರೋಸ್ ಕುಕ್ಕಿ 21ಕ್ಕೆ. ತೆಂಗಿನ ಹಾಲು ಅದೇ ಬೆಳಿಗ್ಗೆ ತೆಗೆದದ್ದು ಬೇಕು, ಹಿಂದಿನ ದಿನದ್ದು ಹುಳಿ ಬರ್ತದೆ. 22ರ ರಾತ್ರಿ ಡಬ್ಬಿ ತುಂಬಿಸಿ, ಅದಕ್ಕೆ ಮುಂಚೆ ಬೇಡ. ರಟ್ಟಿನ ಡಬ್ಬಿ ಗಾಳಿ ತಡೆಯುವುದಿಲ್ಲ. ರೋಸ್ ಕುಕ್ಕಿಯನ್ನು ಮೇಲೆ, ನಿಲ್ಲಿಸಿ ಇಡಿ. ಮಲಗಿಸಿದರೆ ವ್ಯಾನ್ ಹಂಪಿನ ಮೇಲೆ ಹಾರಿದಾಗ ಒಡೆದುಹೋಗ್ತದೆ. ಮಗುವಿನ ಬ್ಯಾಗಿನಲ್ಲಿ ಕಳಿಸಬೇಡಿ, ಬಿಡಲು ಹೋಗುವಾಗ ನೀವೇ ತೆಗೆದುಕೊಂಡು ಹೋಗಿ. ಒಂದೊಂದು ಡಬ್ಬಿಯನ್ನೂ ಮಗಳ ಕೈಯಲ್ಲೇ ಕೊಡಿಸಿ.