ಟೂರ್ ಸೈಟ್‌ನಲ್ಲಿ ಹುಬ್ಬಳ್ಳಿ, ಶಿವಮೊಗ್ಗ ಒಡೆದು ಕಾಣುತ್ತಿವೆ, ಮೊಬೈಲ್‌ನಲ್ಲಿ ಮಾತ್ರ!

ತಂಬೂರಿತಂತಿ
ತಲೆ ಕೆಟ್ಟು ಹೋಗಿದೆ. ತತ್ವಪದ ಹಾಡುವ ಗೆಳೆಯನ ಸೋಲೋ ಟೂರ್‌ಗೆ ಲೋಗೋ, ಪೋಸ್ಟರ್, ವೆಬ್‌ಸೈಟ್ ಎಲ್ಲಾ ನಾನೇ ಮಾಡುತ್ತಿದ್ದೇನೆ. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು. ಕೆಮ್ಮಣ್ಣಿನ ಬಣ್ಣದ ಹಿನ್ನೆಲೆ, ಮೇಲಿಂದ ಕೆಳಗೆ ಏಕತಾರಿಯ ಒಂದೇ ತಂತಿ, ಅದಕ್ಕೆ ತಾಗಿಕೊಂಡು ಊರ ಹೆಸರುಗಳು. ಲ್ಯಾಪ್‌ಟಾಪ್‌ನಲ್ಲಿ ಸೂಪರ್. ಫೋನ್‌ನಲ್ಲಿ ನೋಡಿದರೆ "ಹುಬ್‌ಬಳ್‌ಳಿ", "ಶಿವಮೊಗ್‌ಗ". ಮೊನ್ನೆವರೆಗೂ ಸರಿ ಇತ್ತು. ನಾನು ಏನೂ ಬದಲಾಯಿಸಿಲ್ಲ. ಶುಕ್ರವಾರ ಟಿಕೆಟ್ ಬಿಡಬೇಕು. ಬೇಗ ಹೇಳಿ.

ಪಿಕ್ಸೆಲ್ ಪಟೇಲ
ಲೆಟರ್-ಸ್ಪೇಸಿಂಗ್. ಬೇರೆ ಏನೂ ಅಲ್ಲ. ಇಂಗ್ಲಿಷ್ ಹೆಡಿಂಗ್‌ಗೆ ಅಕ್ಷರ ಹರಡಿ ಇಡುವ ಫ್ಯಾಶನ್ ಇದೆ, ಅದನ್ನೇ ಕನ್ನಡಕ್ಕೂ ಹಾಕುತ್ತಾರೆ. ಸೊನ್ನೆ ಮಾಡಿ.

ತಂಬೂರಿತಂತಿ
0.08 ಇತ್ತು, ತೆಗೆದೆ. ಹಾಗೇ ಇದೆ.

ಪಿಕ್ಸೆಲ್ ಪಟೇಲ
ಹೆಡಿಂಗ್‌ಗೆ ಮಾತ್ರ ತೆಗೆದಿರುತ್ತೀರಿ. ಬಾಡಿಗೂ ಇರುತ್ತದೆ ನೋಡಿ. ಬ್ರೌಸರ್ ಉಳಿಸಿಟ್ಟ ಹಳೇ ಫೈಲು, ಅಂದರೆ ಕ್ಯಾಶ್, ಕ್ಲಿಯರ್ ಮಾಡಿ.

ತಂಬೂರಿತಂತಿ
ಎಲ್ಲಾ ಕಡೆ ತೆಗೆದೆ. ಕ್ಯಾಶ್ ತೆಗೆದೆ. ತಂಗಿಯ ಫೋನ್‌ನಲ್ಲೂ ನೋಡಿದೆ. ಅದೇ ಕಥೆ.

ಹಳೇ ಪ್ರೆಸ್
ಇದಕ್ಕೇ ನಾನು ಕನ್ನಡ ಟೈಪಿಂಗ್‌ಗೆ ನುಡಿ ಸಾಫ್ಟ್‌ವೇರ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಕೋರೆಲ್‌ಡ್ರಾದಲ್ಲಿ ಟೈಪ್ ಮಾಡಿ, ಕರ್ವ್ಸ್‌ಗೆ, ಅಂದರೆ ಬರೀ ಗೆರೆಗಳಿಗೆ ಬದಲಿಸಿ, ಚಿತ್ರ ಮಾಡಿ ಸೈಟಿಗೆ ಹಾಕಿ. ಯಾವ ಫೋನೂ ಒಡೆಯುವುದಿಲ್ಲ. ಫ್ಲೆಕ್ಸ್‌ಗೂ ಅದೇ ಫೈಲ್ ಕೊಡಬಹುದು.

ಕಡಲಕೊರೆತ
ಸ್ವಾಮಿ, ಚಿತ್ರ ಮಾಡಿದರೆ ಗೂಗಲ್‌ನಲ್ಲಿ ಊರ ಹೆಸರು ಹಾಕಿ ಹುಡುಕುವವರಿಗೆ ಈ ಕಾರ್ಯಕ್ರಮ ಸಿಗುತ್ತದಾ? ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕೋಡ್. ಫಾಂಟ್ ಬದಲಿಸಿ ನೋಡಿ, ಕನ್ನಡ ಮಾಯ.

ಹಳೇ ಪ್ರೆಸ್
ನುಡಿಯಲ್ಲಿ ಯೂನಿಕೋಡ್ ಬಂದು ಎಷ್ಟೋ ವರ್ಷ ಆಯಿತು. ತಿಳಿದು ಮಾತಾಡಿ. ಬೆಂಗಳೂರಿನ ಎಷ್ಟು ಪ್ರೆಸ್‌ಗಳು ಇವತ್ತಿಗೂ "ನುಡಿಯಲ್ಲಿ ಕಳಿಸಿ" ಅಂತ ಕೇಳುತ್ತವೆ ಗೊತ್ತಾ?

ಕಡಲಕೊರೆತ
ಗೊತ್ತು. ಅದೇ ಅಲ್ವಾ ಗೋಳು.

ಅಕ್ಷರಮಳಿಗೆ
ಜಗಳ ಆಮೇಲೆ. ತಂಬೂರಿತಂತಿ ಅವರೇ, ಯಾವ ಫಾಂಟ್? ಫೈಲ್ ಎಲ್ಲಿಂದ ಲೋಡ್ ಆಗುತ್ತಿದೆ? ಮತ್ತೆ, ಫೋನ್‌ನಲ್ಲಿ "ಮೈಸೂರು" ಹೇಗೆ ಕಾಣುತ್ತದೆ? ಅದರಲ್ಲಿ ಒತ್ತಕ್ಷರ ಇಲ್ಲ.

ತಂಬೂರಿತಂತಿ
ಅನೇಕ್ ಕನ್ನಡ. ಅಗಲವನ್ನೂ ಹೆಚ್ಚು ಕಡಿಮೆ ಮಾಡಬಹುದು, ಅದಕ್ಕೇ ತಗೊಂಡಿದ್ದು. ಫೈಲ್ ನಮ್ಮ ಸರ್ವರ್‌ನಲ್ಲೇ ಇದೆ. "ಮೈ"ಯಲ್ಲಿ ತಲೆಕಟ್ಟಿನ ಮೇಲೆ ಇನ್ನೊಂದು ಗೀಟು ಕೂತ ಹಾಗಿದೆ. ಮಂಗಳೂರು ಪರವಾಗಿಲ್ಲ.

ಪಿಕ್ಸೆಲ್ ಪಟೇಲ
ಅಕ್ಷರದ ಮಧ್ಯೆ ಜಾಗ ಬಿಟ್ಟರೆ "ಮೈ" ಕೂಡ ಒಡೆಯಬಹುದು. ಪ್ಲಗಿನ್ ಯಾವುದೋ ಲೆಟರ್-ಸ್ಪೇಸಿಂಗ್ ಸೇರಿಸುತ್ತಿದೆ.

ಅಕ್ಷರಮಳಿಗೆ
ಇಲ್ಲ ಪಟೇಲರೇ. ಒತ್ತೂ ಹೋಗಿದೆ, ಸ್ವರ ಚಿಹ್ನೆಯೂ ಸರಿಯಾಗಿ ಕೂಡಿಕೊಳ್ಳುತ್ತಿಲ್ಲ. ಅಂದರೆ ಫಾಂಟ್ ಒಳಗಿನ ಜಿಸಬ್ ಟೇಬಲ್ಲೇ ಹಾರಿಹೋಗಿದೆ. ಬ ಕೆಳಗೆ ಬ ಬಂದರೆ ಒತ್ತಿನ ರೂಪ ಹಾಕು, ಮ ಜೊತೆ ಐತ್ವ ಬಂದರೆ ತಲೆಕಟ್ಟು ತೆಗೆ ಅಂತ ಹೇಳುವುದು ಅದೇ. ಅದಿಲ್ಲದಿದ್ದರೆ ಅಕ್ಷರಗಳು ಸುಮ್ನೆ ಸಾಲಾಗಿ ನಿಲ್ಲುತ್ತವೆ. ಮಂಗಳೂರಿನಲ್ಲಿ ಅಂಥ ಕೆಲಸ ಕಡಿಮೆ, ಹಾಗಾಗಿ ಬಚಾವ್. ಫೈಲನ್ನು ಎಲ್ಲಾದರೂ ಸಣ್ಣ ಮಾಡಿಸಿದಿರಾ?

ತಂಬೂರಿತಂತಿ
ಸೈಟ್ ನಿಧಾನ ಅಂತ ಒಂದು ಆನ್‌ಲೈನ್ ಕನ್ವರ್ಟರ್‌ನಲ್ಲಿ ಹಾಕಿ ವೊಫ್ 2 (ವೆಬ್‌ಗೆ ಕುಗ್ಗಿಸಿದ ಫಾಂಟ್ ಫೈಲ್) ಮಾಡಿದೆ. ಅದನ್ನು ಬದಲಾವಣೆ ಅನ್ನುವುದಿಲ್ಲ, ಸೈಜ್ ಇಳಿಸಿದ್ದು ಅಷ್ಟೇ.

ಕಡಲಕೊರೆತ
😀😀

ಅಕ್ಷರಮಳಿಗೆ
ಸಿಕ್ಕಿತು. ಇಂಗ್ಲಿಷ್ ಫಾಂಟ್‌ಗೆ ಅಂತ ಮಾಡಿದ ಕೆಲವು ಕನ್ವರ್ಟರ್‌ಗಳು ಆ ಟೇಬಲನ್ನು ಹೆಚ್ಚಿನ ಭಾರ ಅಂತ ಕತ್ತರಿಸುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಸರಿ ಕಾಣುವುದು ಯಾಕೆ ಅಂದರೆ, ಫಾಂಟ್ ಎಲ್ಲಿಂದ ತರಬೇಕು ಅಂತ ಸೈಟಿಗೆ ಹೇಳುವ ಫಾಂಟ್-ಫೇಸ್‌ನಲ್ಲಿ ಮೊದಲು "ಲೋಕಲ್" ಅಂತ ಇರಬೇಕು ನೋಡಿ. ಪೋಸ್ಟರ್ ಮಾಡಲು ನೀವು ಇನ್‌ಸ್ಟಾಲ್ ಮಾಡಿದ ಪೂರ್ತಿ ಫಾಂಟನ್ನೇ ಬ್ರೌಸರ್ ಎತ್ತಿಕೊಳ್ಳುತ್ತಿದೆ. ಪರೀಕ್ಷೆ ಮಾಡುವಾಗ ಆ ಸಾಲು ತೆಗೆಯಿರಿ.

ಗೂಗಲ್ ಫಾಂಟ್ಸ್‌ನಿಂದ ನೇರ ಲಿಂಕ್ ಕೊಟ್ಟರೆ ತಲೆನೋವೇ ಇಲ್ಲ, ಕನ್ನಡದ ಭಾಗವನ್ನು ಅವರೇ ಬೇರೆ ಮಾಡಿ ಕಳಿಸುತ್ತಾರೆ. ನಿಮ್ಮ ಸರ್ವರೇ ಬೇಕು ಅಂದರೆ ಪೈಥಾನ್‌ನ ಫಾಂಟ್‌ಟೂಲ್ಸ್ ಬಳಸಿ, ಅಕ್ಷರ ಕೂಡಿಸುವ ನಿಯಮಗಳೆಲ್ಲಾ ಉಳಿಯಲು ಲೇಔಟ್ ಫೀಚರ್ಸ್‌ಗೆ ನಕ್ಷತ್ರ ಚಿಹ್ನೆ ಕೊಡಿ. ಕನ್ನಡದ ಯೂನಿಕೋಡ್ ಬ್ಲಾಕ್ ಒಂದೇ ಸಾಲದು. ಅಕ್ಷರ ಬಿಡಿಸುವ, ಕೂಡಿಸುವ ಕಾಣದ ಚಿಹ್ನೆಗಳ ಕೋಡ್ 200ಸಿ, 200ಡಿ ಎರಡೂ ಸೇರಿಸಿ. "ರ‍್ಯಾಪ್" ಅಂತ ಬರೆಯಲು 200ಡಿ ಬೇಕು, ಇಲ್ಲದಿದ್ದರೆ ಅರ್ಕಾವತ್ತಾಗಿ "ರ್ಯಾಪ್" ಆಗುತ್ತದೆ.

ಹಳೇ ಪ್ರೆಸ್
ತತ್ವಪದದವರಿಗೆ ರ‍್ಯಾಪ್ ಯಾಕೆ?

ತಂಬೂರಿತಂತಿ
ಗೂಗಲ್ ಲಿಂಕ್ ಹಾಕಿದೆ. ಹುಬ್ಬಳ್ಳಿ ಬಂತು!! ಆ ಕನ್ವರ್ಟರ್ ಸೈಟ್‌ನಲ್ಲಿ ಇದನ್ನು ಎಲ್ಲೂ ಬರೆದಿಲ್ಲ, ನೆನಪಿರಲಿ. ಆದರೆ ಈಗ "ಬ್ಬ" ಕೆಳಗಿನ ಸಾಲಿನ "ಶಿ"ಗೆ ಬಡಿಯುತ್ತಿದೆ.

ಪಿಕ್ಸೆಲ್ ಪಟೇಲ
ಲೈನ್-ಹೈಟ್ (ಸಾಲಿನ ಎತ್ತರ) 1.1 ಇಟ್ಟಿರುತ್ತೀರಿ. ಕನ್ನಡಕ್ಕೆ 1.5 ಆದರೂ ಬೇಕು. ಲೆಟರ್-ಸ್ಪೇಸಿಂಗ್ ಮತ್ತೆ ಹಾಕಬೇಡಿ.

ಹಳೇ ಪ್ರೆಸ್
ಆ ಕೆಮ್ಮಣ್ಣಿನ ಬಣ್ಣ ಫ್ಲೆಕ್ಸ್‌ನಲ್ಲಿ ಕಂದಾಗಿ ಸಾಯುತ್ತದೆ. ಪ್ರಿಂಟಿಗೆ ಕೊಡುವ ಮೊದಲು ಸಿಎಂವೈಕೆಗೆ (ಪ್ರಿಂಟಿನ ನಾಲ್ಕು ಶಾಯಿಯ ಬಣ್ಣಕ್ಕೆ) ಬದಲಿಸಿ, ಒಂದಡಿ ತುಂಡು ಪ್ರಿಂಟ್ ತೆಗೆಸಿ ನೋಡಿ. ನನ್ನ ಹತ್ತಿರ ಮಾನಿಟರ್‌ನ ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ಇದೆ, ಎರಡು ಸ್ಕ್ರೀನ್, ಎರಡೂ ಹೊಂದಿಸಿ ಇಟ್ಟಿದ್ದೇನೆ.

ಪಿಕ್ಸೆಲ್ ಪಟೇಲ
ಯಾವ ಪ್ಯಾನೆಲ್? ನಂದು 4ಕೆ, 32 ಇಂಚು. ಕೆಂಪು ಒಂದು ಚೂರೂ ಜಾರುವುದಿಲ್ಲ.

ಹಳೇ ಪ್ರೆಸ್
ಇಂಚಿಗೂ ಬಣ್ಣಕ್ಕೂ ಏನು ಸಂಬಂಧ ಮಾರಾಯ್ರೇ?

ಡೊಳ್ಳುಹುಡುಗ
ನಮಸ್ಕಾರ. ನಮ್ಮ ಡೊಳ್ಳು ತಂಡದ ಪೋಸ್ಟರ್‌ನಲ್ಲೂ ಇದೇ ಥರ ಒಡೆಯುತ್ತಿದೆ, ಆದರೆ ಇಲ್ಲಸ್ಟ್ರೇಟರ್‌ನಲ್ಲಿ. ಲೆಟರ್-ಸ್ಪೇಸಿಂಗ್ ಇಲ್ಲ.

ಅಕ್ಷರಮಳಿಗೆ
ಅದು ಬೇರೆ ರೋಗ. ಪ್ರಿಫರೆನ್ಸಸ್‌ನ ಟೈಪ್‌ನಲ್ಲಿ ಇಂಡಿಕ್ ಆಪ್ಷನ್ಸ್ ಆನ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಸೌತ್ ಏಷಿಯನ್ ಕಂಪೋಸರ್ ಆರಿಸಿ. ಆಗದಿದ್ದರೆ ಹೊಸ ಥ್ರೆಡ್ ತೆರೆಯಿರಿ. ವರ್ಷನ್ ಯಾವುದು, ಫಾಂಟ್ ಯಾವುದು, ಮೊದಲೇ ಬರೆಯಿರಿ.

ಡೊಳ್ಳುಹುಡುಗ
ಮಾಮೂಲಿ ವರ್ಷನ್ ಸರ್.