ವಾರದ ಕಂತಿನ ಸಾಲ ತಗೊಂಡು ಆಡು ಕೊಳ್ಳಬಹುದೇ?

ಪ್ರಶ್ನೆ (ಹುನಗುಂದ ತಾಲ್ಲೂಕು): ನಮ್ಮ ಓಣಿಯ ಐದು ಮಂದಿ ಹೆಣ್ಣುಮಕ್ಕಳು ಮೈಕ್ರೋ ಫೈನಾನ್ಸ್ ಗುಂಪು ಸಾಲ ತಗೊಳ್ಳೋರಿದ್ದಾರೆ. ತಲಾ 40,000, ವಾರಕ್ಕೆ 900ರಂತೆ 50 ಕಂತು. ಅಮೀನಗಡ ಸಂತೆಯಿಂದ ಆಡು ತರುವ ವಿಚಾರ. ಇಬ್ಬರಿಗೆ ಈಗಾಗಲೇ ತಿಂಗಳಿಗೆ 3,200 ಕಂತಿದೆ, ಮನೆ ಗಳಿಕೆ 13,000. ಬಡ್ಡಿ ನೂರಕ್ಕೆ ಹನ್ನೆರಡೂವರೆ ಅಂತ ಏಜೆಂಟರು ಹೇಳ್ಯಾರ. ಸರಿ ಐತೇನ್ರಿ?

ಉತ್ತರ 1: ಹನ್ನೆರಡೂವರೆ ಅಲ್ಲರೀ. 45,000 ಕಟ್ಟುತ್ತೀರಿ, ಆದರೆ ಅಸಲು ವಾರವಾರ ಇಳಿಯುವುದರಿಂದ ವರ್ಷವಿಡೀ ನಿಮ್ಮ ಕೈಯಲ್ಲಿರುವುದು ಸರಾಸರಿ 20,000 ಚಿಲ್ಲರೆ ಮಾತ್ರ. ಅದಕ್ಕೆ 5,000 ಬಡ್ಡಿ ಅಂದರೆ ನೂರಕ್ಕೆ ಸುಮಾರು 25 ಆಯಿತು. ಸಾಲದ ಬಡ್ಡಿ, ಶುಲ್ಕ ಬರೆದ ಕನ್ನಡದ ಮಾಹಿತಿ ಪತ್ರ ಕೇಳಿ ಪಡೆಯಿರಿ, ಕೊಡಲೇಬೇಕು. ಇನ್ನು ಆ ಇಬ್ಬರಿಗೆ ಈ ಸಾಲ ಬೇಡವೇ ಬೇಡ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಎಲ್ಲ ಸಾಲದ ಕಂತು ಸೇರಿ ಮನೆ ಗಳಿಕೆಯ ಅರ್ಧ ಮೀರಬಾರದು. ವಾರಕ್ಕೆ 900 ಅಂದರೆ ತಿಂಗಳಿಗೆ 3,900. ಹಳೆಯ 3,200ಕ್ಕೆ ಅದನ್ನು ಕೂಡಿದರೆ 7,100. ಅರ್ಧ ಅಂದರೆ 6,500.

ಉತ್ತರ 2: ಅಕ್ಕಾರ, ಆಡಿನ ಲೆಕ್ಕ ಇನ್ನೂ ತೊಡಕಿನದು. ಗಬ್ಬ ಐದು ತಿಂಗಳು, ಮರಿ ಮಾರಾಟಕ್ಕೆ ಬರಲು ಮತ್ತೆ ಆರೇಳು ತಿಂಗಳು. ಮೊದಲ ರೊಕ್ಕ ಕೈಗೆ ಬರೋದ್ರೊಳಗೆ 50 ಕಂತೂ ಹೆಚ್ಚುಕಡಿಮೆ ಮುಗಿದಿರುತ್ತವೆ! ಅಷ್ಟೂ ಕೂಲಿಯಿಂದಲೇ ಕಟ್ಟಬೇಕು. ಒಂದು ವಾರ ಕೂಲಿ ತಪ್ಪಿದರೆ ಇನ್ನೊಂದು ಸಾಲ, ಇಲ್ಲಾ ಗಬ್ಬದ ಆಡನ್ನೇ ಮಾರೋದು. ಒಬ್ಬೊಬ್ಬರು ಎರಡೇ ಆಡು ತನ್ನಿ, ಮೂರು ತಿಂಗಳ ಗಬ್ಬದವು. ಸಂತೆಯಿಂದ ತಂದದ್ದನ್ನು ಮೂರು ವಾರ ಬೇರೆ ಕಟ್ಟಿ, ಪಿಪಿಆರ್ (ಆಡು-ಕುರಿಗೆ ಬರುವ ಮಾರಕ ಅಂಟುರೋಗ) ಲಸಿಕೆ ಹಾಕಿಸಿ.

ಉತ್ತರ 3 (ಸಂಘದ ಪುಸ್ತಕ ಬರೆಯುವಾಕೆ): ಎರಡು ಆಡಿಗೆ ಸಂಜೀವಿನಿ (ಸರ್ಕಾರಿ ಯೋಜನೆಯ ಮಹಿಳಾ ಸ್ವಸಹಾಯ) ಸಂಘದ ಸಾಲವೇ ಸಾಕು. ಮರಿ ಮಾರುವ ತನಕ ಬಡ್ಡಿ ಮಾತ್ರ, ಆಮೇಲೆ ಅಸಲು ಅಂತ ಸಭೆಯಲ್ಲಿ ಠರಾವು ಬರೆಸಿರಿ. ಕಂತು ಗಳಿಕೆಗೆ ಹೊಂದಬೇಕು. ಬಡವರಿಗೆ ವಾರದ ಕಂತಿನ ಸಾಲ ಕೊಡುವ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕೇ 1998ರ ನೆರೆಯ ನಂತರ ತನ್ನ ಬಿಗಿ ಕಂತು ಸಡಿಲಿಸಿತು.

ಪ್ರಶ್ನೆ ಕೇಳಿದವರು: ಒಬ್ಬಾಕಿ ಹಳೇ ಕಂತು ತಪ್ಪಿಸ್ಯಾಳ. ವಸೂಲಿಯವರು ರಾತ್ರಿ ಎಂಟಕ್ಕೆ ಮನೆ ಮುಂದೆ ಬಂದು ಕೂಡ್ತಾರ.

ಉತ್ತರ 1: ಕೂಡುವಂತಿಲ್ಲ. ವಸೂಲಿಗೆ ಬೆಳಗ್ಗೆ 9ರ ಮೊದಲು, ಸಂಜೆ 6ರ ನಂತರ ಬರಬಾರದು. ಬೈಯುವುದು, ಬೆದರಿಸುವುದು ಯಾವ ಹೊತ್ತಿನಲ್ಲೂ ತಪ್ಪೇ. ಬಂದ ದಿನ, ಹೊತ್ತು, ಆಡಿದ ಮಾತು ಬರೆದಿಡಿ, ಕಂಪನಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಬರೆಯಿರಿ. ವಿಚಾರಿಸಲು ಫೋನ್ 14448. ಬೆದರಿಕೆ ಹಾಕಿದರೆ 30 ದಿನ ಕಾಯಬೇಡಿ, ಅಂದೇ ಪೊಲೀಸ್ ಠಾಣೆಗೆ ಹೋಗಿ.