ಜರ್ಮನ್ನಿನ 'ಗಮ್ಮೆಲ್ನ್' ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನು ಬರೀಬೇಕು?

ನೈಟ್‌ಡ್ಯೂಟಿ_ವಿಜಯಪುರ:
ನಾನು ವಿಜಯಪುರದಲ್ಲಿ ನರ್ಸ್. ಜರ್ಮನಿಗೆ ಹೋಗಬೇಕು ಅಂತ ಜರ್ಮನ್ ಭಾಷೆಯ ಬಿ1 ಹಂತದ ಪರೀಕ್ಷೆಗೆ ಓದುತ್ತಿದ್ದೇನೆ. ಈಗಾಗಲೇ ಅಲ್ಲಿರೋ ಗೆಳತಿ ಭಾನುವಾರ ಮೆಸೇಜ್ ಹಾಕಿದ್ದಳು: 'ಇವತ್ತು ಬರೀ ಗಮ್ಮೆಲ್ನ್'. ಏನೂ ಮಾಡದೆ ಬಿದ್ಕೊಂಡಿದ್ದಾಳೆ ಅಂತ ಗೊತ್ತಾಯಿತು. ಆದರೆ ನಮ್ಮ ಕ್ಲಾಸಿನಲ್ಲಿ ಅರ್ಥವನ್ನು ಇಂಗ್ಲಿಷಿನಲ್ಲೇ ಹೇಳಬೇಕು. ನಾನು 'ಲಾಯ್ಟರ್' ಅಂದೆ. ಮೇಡಂ ನಕ್ಕುಬಿಟ್ಟರು. ಅದು ಗೋಳಗುಮ್ಮಟದ ಗೇಟಿನ ಹತ್ತಿರ ಸುಮ್ನೆ ನಿಂತವರಿಗೆ ಪೊಲೀಸರು ಹೇಳೋ ಮಾತಂತೆ! ಡಿಕ್ಷನರಿಯಲ್ಲಿ 'ಲೇಜ್ ಅರೌಂಡ್', 'ಲೋಫ್', 'ಬಮ್ ಅರೌಂಡ್' ಮೂರೂ ಇವೆ. ಕೆಳಗೆ 'ಆಹಾರ ಕೆಡುವುದು' ಅಂತಲೂ ಇದೆ. ನನ್ನ ಗೆಳತಿ ಮಲಗಿದ್ದಾಳೋ, ಹಳಸಿದ್ದಾಳೋ?

ಕುಂದಾ_ಪ್ರಿಯ, ಬೆಳಗಾವಿ:
'ಲೇಜ್ ಅರೌಂಡ್' ಬರೀರಿ. ರಜೆ ದಿನ ಮನೆಯಲ್ಲಿ ಬಿದ್ದುಕೊಳ್ಳೋದಕ್ಕೆ ಅದೇ ಸರಿ. 'ಬಮ್ ಅರೌಂಡ್' ಅಂದರೆ ಕೆಲಸ ಇಲ್ಲದೆ ತಿರುಗೋ ವಾಸನೆ ಬರುತ್ತದೆ. ಮಜಾ ಏನು ಗೊತ್ತಾ, ಈ 'ಬಮ್' ಅಮೆರಿಕದ ಇಂಗ್ಲಿಷಿಗೆ ಬಂದಿದ್ದೇ ಜರ್ಮನ್ನಿನ 'ಬುಮ್ಲರ್'ನಿಂದ, 19ನೇ ಶತಮಾನದಲ್ಲಿ. ಜರ್ಮನ್ನಿನಲ್ಲಿ 'ಬುಮ್ಮೆಲ್ನ್' ಅಂದರೆ ಪ್ಯಾಟ್ಯಾಗ ಆರಾಮಾಗಿ ಅಡ್ಡಾಡೋದು. ಊರೂರಿಗೂ ನಿಲ್ಲೋ ರೈಲಿಗೆ 'ಬುಮ್ಮೆಲ್‌ಟ್ಸೂಗ್' ಅಂತಾರೆ. ನಿಮ್ಮ ಬಾಗಲಕೋಟೆ ಪ್ಯಾಸೆಂಜರ್ ಇದ್ದಂಗ!

ಹಳೇ_ಫಿಟರ್, ಬಾಗಲಕೋಟೆ:
ತಂಗಿ, ಒಂದು ಮಾತು. 1960ರ ದಶಕದಲ್ಲಿ ಉದ್ದ ಕೂದಲು ಬಿಟ್ಟು, ಕೆಲಸಕ್ಕೆ ಹೋಗದೆ ಪಶ್ಚಿಮ ಬರ್ಲಿನ್ನಿನಲ್ಲಿ ಚರ್ಚ್ ಮುಂದೆ ಕೂರುತ್ತಿದ್ದ ಹುಡುಗರನ್ನು 'ಗಮ್ಲರ್' ಅಂತ ಬೈಯುತ್ತಿದ್ದರು. ನಮ್ಮ ಕಡೆ ಉಡಾಳ ಅಂದಂಗ. ಹಂಗಾಗಿ ನಿನ್ನ ಬಗ್ಗೆ ನೀನೇ ಹೇಳ್ಕೋ, ತೊಂದರೆ ಇಲ್ಲ. ವಾರ್ಡಿನ ಮುದುಕರಿಗೆ 'ಏನು, ಗಮ್ಮೆಲ್ನ್ ಮಾಡ್ತಿದ್ದೀರಾ' ಅಂತ ಮಾತ್ರ ಕೇಳಬ್ಯಾಡ.

ನೈಟ್‌ಡ್ಯೂಟಿ_ವಿಜಯಪುರ:
ಇಬ್ಬರಿಗೂ ಥ್ಯಾಂಕ್ಸ್. 'ಲೇಜ್ ಅರೌಂಡ್' ಬರೆದೆ, ಮೇಡಂ ಒಪ್ಪಿದರು. ನನಗೆ ಮಾತ್ರ ಸಪ್ಪೆ ಅನ್ನಿಸಿತು. ಆ ಕೆಟ್ಟುಹೋಗೋ ಅರ್ಥ ಅದರಲ್ಲಿ ಎಲ್ಲಿದೆ? ಇನ್ನೊಂದು ಪದವೂ ಸಿಕ್ಕಿತು. 'ಫೌಲ್' ಅಂದರೆ ಜರ್ಮನ್ನಿನಲ್ಲಿ ಸೋಮಾರಿಯೂ ಹೌದು, ಕೊಳೆತದ್ದೂ ಹೌದು. ಸೇಬಿಗೂ ಮನುಷ್ಯನಿಗೂ ಒಂದೇ ಮಾತು.

ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಮೊಬೈಲ್ ಹಿಡಿದು ಮಲಗಿದ್ದ ತಮ್ಮನ ಕಡೆ ನೋಡಿ, 'ಅದರಾಗೇನೈತಿ, ಇಂವ ಎರಡು ತಿಂಗಳಿಂದ ಮನ್ಯಾಗ ಕೊಳೀತ ಬಿದ್ದಾನಲ್ಲ' ಅಂದಳು. ಇದನ್ನ ಗೆಳತಿಗೆ ಕಳಿಸಿದೆ. ಅವಳ ಉತ್ತರ ಬಂತು: 'ನಾ ನಾಲ್ಕು ನೈಟ್ ಡ್ಯೂಟಿ ಮುಗಿಸಿ ಮಲಗೀನಿ. ನನ್ನ ನಿನ್ನ ತಮ್ಮನ ಸಾಲಿಗೆ ಸೇರಿಸಬ್ಯಾಡ.'